ಹಿತ್ತಲಿನ ಒಂಟಿ ಮುಳ್ಳುಗಿಡ ಕಡಿಯೋಕೆ ಯಾರೂ ಒಪ್ಪುತ್ತಿಲ್ಲ: ಐರ್ಲೆಂಡಿನ ಶಕುನ, ನಂಬಿಕೆ ಗೊತ್ತಿರುವವರು ಹೇಳಿ

ಎನ್ನಿಸ್_ಕಾವೇರಿ

ಎಲ್ಲರಿಗೂ ನಮಸ್ಕಾರ. ಒಂದು ಪೇಚಿಗೆ ಸಿಕ್ಕಿಕೊಂಡಿದ್ದೇನೆ. ಇಲ್ಲಿ ಬಹಳ ವರ್ಷದಿಂದ ಇರುವವರು ದಯವಿಟ್ಟು ದಾರಿ ಹೇಳಿ.

ಐದು ವರ್ಷ ಡಬ್ಲಿನ್‌ನಲ್ಲಿ ಬಾಡಿಗೆಗಿದ್ದು, ಹೋದ ವರ್ಷ ಕ್ಲೇರ್ ಕೌಂಟಿಯಲ್ಲಿ ಎನ್ನಿಸ್‌ನಿಂದ ಇಪ್ಪತ್ತು ನಿಮಿಷ ದೂರದಲ್ಲಿ ಒಂದು ಹಳೇ ಮನೆ ತಗೊಂಡೆವು. ಹಿತ್ತಲಿನಲ್ಲಿ ಒಂದೇ ಒಂದು ಹಾಥಾರ್ನ್ ಗಿಡ ಇದೆ. ಇಲ್ಲಿನವರು ವೈಟ್‌ಥಾರ್ನ್ ಅಂತಾರೆ. ಆಳೆತ್ತರಕ್ಕಿಂತ ಸ್ವಲ್ಪ ಜಾಸ್ತಿ, ಪಡುವಣ ಗಾಳಿಗೆ ಪೂರ್ತಿ ಒಂದು ಕಡೆ ಬಾಗಿದೆ, ಬುಡದಲ್ಲಿ ಪಾಚಿ ಹಿಡಿದ ಮೂರು ಕಲ್ಲು. ಜನವರಿ ಅಲ್ವಾ, ಒಂದು ಎಲೆ ಇಲ್ಲ, ಬರೀ ಮುಳ್ಳು. ಸರಿಯಾಗಿ ಅದೇ ಜಾಗದಲ್ಲಿ ನಮ್ಮನೆಯವರಿಗೆ ಶೆಡ್ ಕಟ್ಟಿಸಬೇಕು.

ಮೂರು ಜನರನ್ನು ಕೇಳಿದೆವು. ಮೊದಲನೆಯವನು ಅಡುಗೆಮನೆ ಕಿಟಕಿಯಿಂದಲೇ ಗಿಡ ನೋಡಿದ, ಕೈಯಲ್ಲಿದ್ದ ಚಹಾ ಮುಗಿಸಿದ, "ಅದಕ್ಕೆ ನಾನು ಕೈ ಹಾಕಲ್ಲ" ಅಂತ ಹೇಳಿ ಹೋದ. ಎರಡನೆಯವನಿಗೆ ಫೋಟೋ ಕಳಿಸಿದ ಮೇಲೆ ಫೋನ್ ಎತ್ತಲೇ ಇಲ್ಲ. ಮೂರನೆಯವನು ಅಡಿಪಾಯ ಹಾಕಿಕೊಡುತ್ತೇನೆ, ಗಿಡ ಮಾತ್ರ ನೀವೇ ತೆಗೆಸಿ, ಯಾರು ತೆಗೆದರು ಅಂತಲೂ ನನಗೆ ಹೇಳಬೇಡಿ ಅಂದ.

ಪಕ್ಕದ ಮನೆಯ ಅಜ್ಜನಿಗೆ ಎಂಬತ್ತು ದಾಟಿದೆ. ದನ ಸಾಕಿಕೊಂಡು ಬದುಕಿದವರು. "ಅದು ಅಲ್ಲೇ ಇರಲಿ ಬಿಡಮ್ಮ" ಅಂದರು. ಯಾಕೆ ಅಂತ ಕೇಳಿದರೆ ಮಾತು ಬದಲಿಸಿದರು. ಈ ಕಾಲದಲ್ಲೂ ಇಷ್ಟು ನಂಬಿಕೆ ಇದೆಯಾ? ಮೊನ್ನೆ ಹೊಸ ಶೂ ಡಬ್ಬಿಯಿಂದ ತೆಗೆದು ಊಟದ ಮೇಜಿನ ಮೇಲಿಟ್ಟಾಗ ಅವರ ಹೆಂಡತಿ ಕೂಗಿಕೊಂಡು ಎತ್ತಿ ಕೆಳಗಿಟ್ಟರು. ಇನ್ನೂ ಏನೇನು ತಿಳಿದಿರಬೇಕು ನಾನು?

ಗಾಲ್ವೇ_ಗಾಳಿ

ಕಡಿಯಬೇಡಿ. ಅಷ್ಟೇ.

ತುಂಗಾತೀರ

ಕಾವೇರಿ ಅವರೇ, ಒಂಟಿ ಮುಳ್ಳುಗಿಡ ಅಂದರೆ ಫೇರಿಗಳದ್ದು, ಅಂದರೆ ಕಣ್ಣಿಗೆ ಕಾಣದ ಜನರದ್ದು ಅಂತ ಇಲ್ಲಿನ ನಂಬಿಕೆ. ಅದರಲ್ಲೂ ನೀವಿರುವುದೇ ಕ್ಲೇರ್! ಲಿಮರಿಕ್‌ನಿಂದ ಎನ್ನಿಸ್‌ಗೆ ಬರುವಾಗ ಲಟೂನ್ ಅನ್ನೋ ಜಾಗದಲ್ಲಿ ಹೆದ್ದಾರಿ ಪಕ್ಕ ಬೇಲಿ ಹಾಕಿರುವ ಒಂದು ಮುಳ್ಳಿನ ಪೊದೆ ನೋಡಿಲ್ವಾ? 1999ರಲ್ಲಿ ಅಲ್ಲಿ ಹೊಸ ರಸ್ತೆ ಮಾಡಲು ಅದನ್ನು ಕಡಿಯಬೇಕಿತ್ತು. ಎಡ್ಡಿ ಲೆನಿಹನ್ ಅಂತ ಜನಪದ ಕಥೆ ಹೇಳುವವರು, ಅವರು ಪತ್ರಿಕೆಗಳಿಗೆ ಬರೆದು ದೊಡ್ಡ ಗಲಾಟೆ ಮಾಡಿದರು. ಕೆರ್ರಿ ಕಡೆಯ ಫೇರಿಗಳು ಕೊನಾಕ್ಟ್ ಕಡೆಯವರ ಮೇಲೆ ಯುದ್ಧಕ್ಕೆ ಹೋಗುವಾಗ ಸೇರುವ ಜಾಗ ಇದು, ಕಡಿದರೆ ಆ ರಸ್ತೆಯಲ್ಲಿ ಜನ ಸಾಯುತ್ತಾರೆ ಅಂತ ಎಚ್ಚರಿಸಿದರು. ಸುದ್ದಿ ಅಮೆರಿಕದವರೆಗೂ ಹೋಯಿತು. ಕೊನೆಗೆ ಗಿಡ ಉಳಿಸಿಕೊಂಡೇ ರಸ್ತೆ ಮಾಡಿದರು.

2002ರಲ್ಲಿ ಯಾರೋ ರಾತ್ರಿ ಬಂದು ಯಂತ್ರದ ಗರಗಸದಿಂದ ಕೊಂಬೆಗಳನ್ನೆಲ್ಲ ಕತ್ತರಿಸಿ ಬರೀ ಬೊಡ್ಡೆ ಬಿಟ್ಟು ಹೋದರು. ಮತ್ತೆ ಚಿಗುರಿತು. ಇವತ್ತಿಗೂ ಇದೆ.

ಲೆಕ್ಕಾಚಾರ

ನನಗೆ ಇದು ಒಪ್ಪಿಗೆ ಆಗಲ್ಲ. ನಾವು ಬೆಕ್ಕು ಅಡ್ಡ ಬಂತು, ರಾಹುಕಾಲ ಬಂತು ಅನ್ನೋದನ್ನೆಲ್ಲ ಬಿಟ್ಟು ಇಷ್ಟು ದೂರ ಬಂದು, ಇಲ್ಲಿ ಹೊಸದಾಗಿ ಮುಳ್ಳುಗಿಡಕ್ಕೆ ಹೆದರಬೇಕಾ? ನಿಮ್ಮ ಜಾಗ, ನಿಮ್ಮ ದುಡ್ಡು. ಒಂದು ಗರಗಸ ಬಾಡಿಗೆಗೆ ತಗೊಂಡರೆ ಅರ್ಧ ಗಂಟೆ ಕೆಲಸ.

2017ರಲ್ಲಿ ಕೆರ್ರಿಯ ಡ್ಯಾನಿ ಹೀಲಿ-ರೇ ಅನ್ನೋ ಸಂಸದರು, ಕಿಲಾರ್ನಿಯಿಂದ ಕಾರ್ಕ್ ಕಡೆ ಹೋಗುವ ರಸ್ತೆ ಮತ್ತೆ ಮತ್ತೆ ಕುಸಿಯೋದಕ್ಕೆ ಹತ್ತಿರದ ಫೇರಿ ಕೋಟೆಗಳೇ ಕಾರಣ ಅಂದಿದ್ದರು. ಕೌಂಟಿ ಕಚೇರಿಯವರು ಅಡಿಯ ಮಣ್ಣಿನ ಸಮಸ್ಯೆ ಅಂದರು. ನಾನು ಯಾರನ್ನು ನಂಬಬೇಕು ಹೇಳಿ.

ರಾತ್ರಿಪಾಳಿ

ಲೆಕ್ಕಾಚಾರ ಅವರೇ, ನೀವು ಹೇಳೋದು ತಪ್ಪಲ್ಲ, ಆದರೆ ಹಳ್ಳಿಯಲ್ಲಿ ಅಕ್ಕಪಕ್ಕದವರ ಜೊತೆ ಬದುಕಬೇಕಲ್ವಾ. ಆ ಗಿಡ ಕಡಿದ ಮಾರನೇ ದಿನದಿಂದ ಆ ಮನೆಯಲ್ಲಿ ಯಾರಿಗೆ ಜ್ವರ ಬಂದರೂ, ಕಾರು ಕೆಟ್ಟರೂ, ಊರವರು ಆ ಗಿಡದ ಲೆಕ್ಕಕ್ಕೇ ಬರೆಯುತ್ತಾರೆ.

ನಾನು ಹನ್ನೊಂದು ವರ್ಷದಿಂದ ವೃದ್ಧರ ಆರೈಕೆ ಮನೆಯಲ್ಲಿ ನರ್ಸ್. ಮೊದಲ ವರ್ಷ, ಒಬ್ಬರು ಅಜ್ಜಿ ಬೆಳಗಿನ ಜಾವ ನಾಲ್ಕಕ್ಕೆ ತೀರಿಕೊಂಡರು. ಹೊರಗೆ ಹಿಮ ಬೀಳುತ್ತಿತ್ತು. ಜೊತೆಗಿದ್ದ ಹಿರಿಯ ಸಿಸ್ಟರ್ ನಾಡಿ ನೋಡಿದ್ದೇ ನೇರ ಕಿಟಕಿ ಹತ್ತಿರ ಹೋಗಿ ಅರ್ಧ ತೆರೆದರು. ನಾನು ಚಳಿ ಅಂತ ಮುಚ್ಚಲು ಹೋದರೆ ಕೈ ಹಿಡಿದು ನಿಲ್ಲಿಸಿದರು. ಆತ್ಮ ಹೋಗಲು ದಾರಿ ಬೇಕಂತೆ, ಕಿಟಕಿಗೆ ಅಡ್ಡ ನಿಲ್ಲಬಾರದಂತೆ. ಆಮೇಲೆ, ಸುಮಾರು ಎರಡು ಗಂಟೆ ಆದ ಮೇಲೆ, ಮುಚ್ಚಬೇಕು, ಇಲ್ಲದಿದ್ದರೆ ವಾಪಸ್ ಬರಬಹುದು. ಮನೆಯಲ್ಲಿ ಸತ್ತರೆ ಗಡಿಯಾರ ನಿಲ್ಲಿಸುತ್ತಾರೆ, ಕನ್ನಡಿಗೆ ಬಟ್ಟೆ ಹೊದಿಸುತ್ತಾರೆ. ಈಗ ನಾನೂ ಕಿಟಕಿ ತೆರೆಯುತ್ತೇನೆ. ಯಾರೂ ಹೇಳಬೇಕಿಲ್ಲ. ತೀರಿಕೊಂಡವರ ಮಗಳು ಓಡಿ ಬಂದು ಮೊದಲು ನೋಡುವುದು ಆ ಕಿಟಕಿಯನ್ನೇ.

ಕಾರ್ಕ್‌ಕಾಫಿ

ರಾತ್ರಿಪಾಳಿ ಅಕ್ಕ, ಓದಿ ಮೈ ಜುಂ ಅಂತು.

ಸಾವಿಗೆ ಮುಂಚೆ ಅಳುವ ಬ್ಯಾನ್‌ಶೀ ಅನ್ನೋ ಹೆಣ್ಣಿನ ಬಗ್ಗೆ ಏನಾದರೂ ಕೇಳಿದ್ದೀರಾ? ನಮ್ಮ ಮನೆ ಮಾಲೀಕರು, ದಾರಿಯಲ್ಲಿ ಬಾಚಣಿಗೆ ಬಿದ್ದಿದ್ದರೆ ಮುಟ್ಟಲೇಬಾರದು ಅಂತ ನನ್ನ ಮಗಳಿಗೆ ಹೇಳಿದ್ದಾರೆ. ಅದು ಅವಳದಂತೆ, ಹುಡುಕಿಕೊಂಡು ಮನೆ ಕಿಟಕಿಗೆ ಬರ್ತಾಳಂತೆ.

ರಾತ್ರಿಪಾಳಿ

ಕೇಳಿದ್ದೇನೆ. ಅವಳು ಎಲ್ಲರಿಗೂ ಅಳೋದಿಲ್ಲ. ಹೆಸರಿನ ಮುಂದೆ ಓ, ಮ್ಯಾಕ್ ಇರುವ ಹಳೇ ಮನೆತನಗಳಿಗೆ ಮಾತ್ರ ಅಂತಾರೆ. ಯಾರಿಗೂ ಕೆಟ್ಟದ್ದು ಮಾಡೋದಿಲ್ಲ, ಸಾವು ಬರುತ್ತಿದೆ ಅಂತ ಮೊದಲೇ ಅತ್ತು ತಿಳಿಸುತ್ತಾಳೆ, ಅಷ್ಟೇ. ಸಿನಿಮಾದವರು ಅವಳನ್ನು ದೆವ್ವ ಮಾಡಿಬಿಟ್ಟಿದ್ದಾರೆ.

ಹಳೇಪುಸ್ತಕ

ಒಂದು ತಿದ್ದುಪಡಿ. ಮೇಲೆ ಕೆಲವರು ಫೇರಿ ಫೇರಿ ಅಂತ ಬರೆದಿದ್ದೀರಿ. ರೆಕ್ಕೆ ಇರುವ ಪುಟ್ಟ ಗೊಂಬೆ ಕಣ್ಣಮುಂದೆ ಬಂದರೆ ಅದು ತಪ್ಪು ಚಿತ್ರ. ಇಲ್ಲಿನ ಹಳಬರು ಹೇಳುವವರು ಮನುಷ್ಯರ ಹಾಗೇ ಇರುತ್ತಾರೆ. ಮನೆ, ದನ, ಮದುವೆ, ಜಗಳ ಎಲ್ಲ ಇದೆ ಅವರಿಗೆ. ಹೆಸರು ಹಿಡಿದು ಕರೆಯುವುದಿಲ್ಲ, "ಒಳ್ಳೆಯ ಜನ" ಅಂತಾರೆ, ಅಥವಾ ಬರೀ "ಅವರು". ಸ್ವರ್ಗಕ್ಕೆ ಸಾಲುವಷ್ಟು ಒಳ್ಳೆಯವರಲ್ಲ, ನರಕಕ್ಕೆ ಹಾಕುವಷ್ಟು ಕೆಟ್ಟವರಲ್ಲ, ನಡುವೆ ಬಿದ್ದ ದೇವದೂತರು ಅನ್ನುವ ಕಥೆಯೂ ಇದೆ. ನಿಮ್ಮ ಅಜ್ಜ ಮಾತು ಬದಲಿಸಿದ್ದು ಅದಕ್ಕೇ. ಅವರ ಬಗ್ಗೆ ಜಾಸ್ತಿ ಮಾತಾಡಬಾರದು.

ಅವರ ವಾಸ ಎಲ್ಲಿ ಅಂದರೆ ರಾಥ್, ಲಿಸ್ ಅಂತ ಕರೆಯುವ ದುಂಡಗಿನ ಮಣ್ಣಿನ ದಿಬ್ಬಗಳಲ್ಲಿ. ಫೇರಿ ಕೋಟೆ ಅನ್ನುವುದೂ ಇವನ್ನೇ. ನಿಜವಾಗಿ ಅವು ಹೆಚ್ಚಾಗಿ ಕ್ರಿ.ಶ. 500ರಿಂದ 1000ರ ನಡುವಿನ ರೈತರ ಮನೆ ಅಂಗಳಗಳು. ದೇಶದಲ್ಲಿ 40,000ಕ್ಕೂ ಹೆಚ್ಚು ಗುರುತಿಸಿದ್ದಾರೆ. ರಾಥ್‌ಮೈನ್ಸ್, ರಾಥ್‌ಫಾರ್ನಮ್, ಲಿಸ್‌ಡೂನ್‌ವಾರ್ನಾ, ಈ ಹೆಸರುಗಳಲ್ಲೆಲ್ಲ ಅದೇ ಪದ. ಸುತ್ತಲಿನ ನೆಲವನ್ನು ಸಾವಿರ ವರ್ಷ ಉತ್ತರೂ ಅವು ಉಳಿದಿದ್ದು ಹೇಗೆ? ಯಾವ ರೈತನೂ ಅವುಗಳ ಮೇಲೆ ನೇಗಿಲು ಹಾಕಲಿಲ್ಲ. ಕಾನೂನು ಬಂದದ್ದು ಆಮೇಲೆ, ಮೊದಲು ಕಾದದ್ದು ಭಯ.

ಕಾವೇರಿ ಅವರೇ, ಸರ್ಕಾರದ ಸ್ಮಾರಕಗಳ ನಕ್ಷೆ ಆನ್‌ಲೈನ್‌ನಲ್ಲಿ ಇದೆ. ನಿಮ್ಮ ಹಿತ್ತಲ ಹತ್ತಿರ ರಾಥ್ ಗುರುತು ಇದೆಯಾ ಅಂತ ಮೊದಲು ನೋಡಿ. ಇದ್ದರೆ ಅಗೆಯುವ ಮೊದಲೇ ಸರ್ಕಾರಕ್ಕೆ ತಿಳಿಸಬೇಕಾಗುತ್ತದೆ.

ಅಡಿಕೆತೋಟ

ನಮ್ಮೂರ ನಾಗಬನದ ಹಾಗೇ ಆಯ್ತು. ತೋಟದ ನಡುವೆ ಹತ್ತು ಅಡಿ ಜಾಗ, ಅಲ್ಲಿ ಒಂದು ಎಲೆ ಕೀಳಲ್ಲ ಯಾರೂ.

ಲೆಕ್ಕಾಚಾರ

ಹಳೇಪುಸ್ತಕ ಅವರು ಹೇಳಿದ ಮಣ್ಣಿನ ದಿಬ್ಬದ ವಿಷಯ ಒಪ್ಪುತ್ತೇನೆ, ಅದು ಇತಿಹಾಸ, ಉಳಿಸಬೇಕು. ಆದರೆ ನಂಬಿಕೆಯನ್ನು ಇಷ್ಟು ಮುದ್ದು ಮಾಡಬೇಡಿ. ಬ್ರಿಜೆಟ್ ಕ್ಲಿಯರಿ ಹೆಸರು ಯಾರೂ ಎತ್ತಲಿಲ್ಲ.

ಕಾರ್ಕ್‌ಕಾಫಿ

ಯಾರು ಅದು?

ಹಳೇಪುಸ್ತಕ

ಎತ್ತಬೇಕಾದ ಹೆಸರೇ. ಟಿಪ್ಪರರಿ ಕೌಂಟಿಯ ಬಾಲಿವಾಡ್ಲಿ ಅನ್ನುವ ಹಳ್ಳಿ, 1895ರ ಮಾರ್ಚ್. ಬ್ರಿಜೆಟ್ ಬಟ್ಟೆ ಹೊಲಿಯುತ್ತಿದ್ದ ಹೆಂಗಸು, ಇಪ್ಪತ್ತರ ಹರೆಯ. ಕಾಯಿಲೆ ಬಿದ್ದಳು. ಗಂಡ ಮೈಕಲ್‌ಗೆ ಇವಳು ನನ್ನ ಹೆಂಡತಿಯೇ ಅಲ್ಲ, ಅವಳನ್ನು "ಅವರು" ಎತ್ತಿಕೊಂಡು ಹೋಗಿ ಬದಲಿಗೆ ಬೇರೆ ಯಾರನ್ನೋ ಬಿಟ್ಟಿದ್ದಾರೆ ಅನ್ನಿಸಿತು. ಮನೆಯಲ್ಲಿ ತಂದೆ, ಅಣ್ಣತಮ್ಮಂದಿರ ವರಸೆಯವರು, ಅಕ್ಕಪಕ್ಕದವರು ಎಲ್ಲ ಇದ್ದರು. ಗಿಡಮೂಲಿಕೆ ಕುದಿಸಿದ ಹಾಲನ್ನು ಬಲವಂತವಾಗಿ ಕುಡಿಸಿದರು, ಒಲೆಯ ಮುಂದೆ ಹಿಡಿದು "ನೀನು ಬ್ರಿಜೆಟ್ ಹೌದಾ" ಅಂತ ಮತ್ತೆ ಮತ್ತೆ ಕೇಳಿದರು. ಮರುದಿನ ರಾತ್ರಿ ಗಂಡ ಅವಳನ್ನು ಸುಟ್ಟ. ನಿಜವಾದ ಹೆಂಡತಿ ಬಿಳಿ ಕುದುರೆ ಮೇಲೆ ಬರುತ್ತಾಳೆ ಅಂತ ಹತ್ತಿರದ ರಾಥ್‌ನಲ್ಲಿ ರಾತ್ರಿಗಳನ್ನು ಕಾದ. ಕೊಲೆಗಿಂತ ಕಡಿಮೆ ಆರೋಪದಲ್ಲಿ ಶಿಕ್ಷೆಯಾಯಿತು, 15 ವರ್ಷ ಜೈಲಿನಲ್ಲಿದ್ದು ಬಿಡುಗಡೆಯಾಗಿ ಕೆನಡಾಕ್ಕೆ ಹೋದ.

ರಾತ್ರಿಪಾಳಿ

ಒಂಬತ್ತು ಹತ್ತು ಜನ ಇದ್ದ ಮನೆಯಲ್ಲಿ ಒಬ್ಬರೂ ತಡೆಯಲಿಲ್ಲ. ಅದೇ ನನಗೆ ಅರಗದ ವಿಷಯ. ಕಿಟಕಿ ತೆರೆಯೋದು ಬೇರೆ, ಇದು ಬೇರೆ. ಯಾರ ಮೇಲೂ ಕೈ ಎತ್ತದ ನಂಬಿಕೆ ಇರಲಿ, ಮನುಷ್ಯರನ್ನು ಅನುಮಾನಿಸುವ ನಂಬಿಕೆಗೆ ಮಾತ್ರ ಜಾಗ ಕೊಡಬಾರದು.

ಲೆಕ್ಕಾಚಾರ

ಈ ಗೆರೆ ಎಲ್ಲಿ ಎಳೆಯುತ್ತೀರಿ ಅನ್ನೋದೇ ನನ್ನ ಪ್ರಶ್ನೆ. ಗಂಭೀರವಾಗಿಯೇ ಕೇಳುತ್ತಿದ್ದೇನೆ.

ಮೀನುಬುಟ್ಟಿ

ಡೊನೆಗಾಲ್ ಕಡೆಯಿಂದ ಬರೆಯುತ್ತಿದ್ದೇನೆ, ಕಿಲಿಬೆಗ್ಸ್ ಬಂದರಿನಲ್ಲಿ ಮೀನು ಪ್ಯಾಕಿಂಗ್ ಕೆಲಸ. ದೋಣಿಗೆ ಹೋಗುವಾಗ ಕೆಂಪು ಕೂದಲಿನ ಹೆಂಗಸು ಎದುರು ಬಂದರೆ ಹಿಂದೆಲ್ಲ ವಾಪಸ್ ಮನೆಗೆ ಹೋಗುತ್ತಿದ್ದರಂತೆ. ದೋಣಿಯಲ್ಲಿ ಹಂದಿ ಅನ್ನೋ ಪದ ಬಾಯಿಂದ ಬರಬಾರದು. ಸಿಳ್ಳೆ ಹಾಕಬಾರದು, ಗಾಳಿ ಕರೆದ ಹಾಗಾಗುತ್ತೆ. ನಾನು ಮಲ್ಪೆ ಕಡೆಯವನು, ಸಮುದ್ರಕ್ಕೆ ಹೋಗೋರ ಭಯ ಗೊತ್ತು. ಇದನ್ನು ಹಂಗಿಸೋಕೆ ನನಗೆ ಮನಸ್ಸು ಬರಲ್ಲ.

ಆದರೆ ರಾತ್ರಿಪಾಳಿ ಅಕ್ಕ ಹೇಳಿದ್ದು ಸರಿ. ನಮ್ಮ ಜೊತೆ ಕೆಲಸ ಮಾಡುವ ಕೆಂಪು ಕೂದಲಿನ ಹುಡುಗಿ ಹೇಳಿದಳು, ಅವಳ ಅಜ್ಜಿ ಬೆಳಗ್ಗೆ ದೋಣಿ ಹೊರಡುವ ಹೊತ್ತಿಗೆ ಮನೆಯಿಂದ ಹೊರಗೇ ಬರುತ್ತಿರಲಿಲ್ಲವಂತೆ. ಬಾಗಿಲ ಹಿಂದೆ ನಿಂತು ಹೆಜ್ಜೆ ಸದ್ದು ದೂರ ಆಗೋವರೆಗೆ ಕಾಯುತ್ತಿದ್ದಳಂತೆ. ಜೀವನವಿಡೀ.

ಗಾಲ್ವೇ_ಗಾಳಿ

ನಮ್ಮಲ್ಲಿ ವಿಧವೆಯರಿಗೆ ಮಾಡಿದ್ದೂ ಅದೇ ಅಲ್ವಾ.

ಡಬ್ಲಿನ್_ಬಸ್ಸು

ಸ್ವಲ್ಪ ಹಗುರ ವಿಷಯಕ್ಕೆ ಬರೋಣ. ನಮ್ಮ ಆಫೀಸಿನ ಹುಡುಗಿ ಮದುವೆಯ ಹಿಂದಿನ ರಾತ್ರಿ ಬಾಲಯೇಸುವಿನ ಒಂದು ಪ್ರತಿಮೆಯನ್ನು ಬೇಲಿ ಕೆಳಗಿಟ್ಟಳು. ಚೈಲ್ಡ್ ಆಫ್ ಪ್ರಾಗ್ ಅಂತಾರೆ. ಮಳೆ ಬರಬಾರದು ಅಂತ. ಆ ಪ್ರತಿಮೆಯ ತಲೆ ಮುರಿದು ಅಂಟಿಸಿದ್ದರು. ಅಯ್ಯೋ ಅಂದೆ. ತಲೆ ತಾನಾಗೇ ಮುರಿದಿದ್ದರೆ ಇನ್ನೂ ಒಳ್ಳೆಯದು, ನಾವಾಗೇ ಮುರಿಯಬಾರದು ಅಷ್ಟೇ ಅಂದಳು. ಮಾರನೇ ದಿನ ಬೆಳಗ್ಗೆ ಬಿಸಿಲು, ಫೋಟೋ ಎಲ್ಲ ಆದ ಮೇಲೆ ಮಳೆ.

ಮತ್ತೆ ಮ್ಯಾಗ್‌ಪೈ ಹಕ್ಕಿ. ಒಂಟಿ ಕಂಡರೆ ದುಃಖ, ಎರಡು ಕಂಡರೆ ಖುಷಿ, ಮೂರಕ್ಕೆ ಹೆಣ್ಣು, ನಾಲ್ಕಕ್ಕೆ ಗಂಡು. ಒಂಟಿ ಕಂಡರೆ ಸೆಲ್ಯೂಟ್ ಹೊಡೆದು ನಮಸ್ಕಾರ ಹೇಳಿ ಹೆಂಡತಿ ಹೇಗಿದ್ದಾಳೆ ಅಂತ ಕೇಳಬೇಕು. ನಮ್ಮ ಬಸ್ ಡ್ರೈವರ್ ಸ್ಟಿಯರಿಂಗ್‌ನಿಂದ ಒಂದು ಬೆರಳು ಎತ್ತುತ್ತಾರೆ, ಎರಡು ವರ್ಷ ಆದ ಮೇಲೆ ನನಗೆ ಅರ್ಥ ಆಯ್ತು ಯಾಕೆ ಅಂತ.

ಹಳೇಪುಸ್ತಕ

ಮ್ಯಾಗ್‌ಪೈ ಅಷ್ಟೇನೂ ಹಳೇದಲ್ಲ ಇಲ್ಲಿ. 1676ರ ಸುಮಾರಿಗೆ ವೆಕ್ಸ್‌ಫರ್ಡ್ ಕರಾವಳಿಗೆ ಒಂದು ಸಣ್ಣ ಹಿಂಡು ಹಾರಿ ಬಂತು ಅಂತ ದಾಖಲೆ ಇದೆ, ಅದಕ್ಕೆ ಮೊದಲು ಈ ಹಕ್ಕಿಯೇ ಇರಲಿಲ್ಲ. ಎಣಿಕೆಯ ಪದ್ಯ ಕೂಡ ಇಂಗ್ಲೆಂಡಿನಿಂದ ಬಂದದ್ದು. ರಾಬಿನ್ ಹಕ್ಕಿ ಮನೆಯೊಳಗೆ ಬಂದರೆ ಸಾವಿನ ಸೂಚನೆ ಅನ್ನುವ ಮಾತನ್ನು ಹಳ್ಳಿಯವರು ಇದಕ್ಕಿಂತ ಗಂಭೀರವಾಗಿ ತಗೊಳ್ಳುತ್ತಾರೆ.

ಗಾಲ್ವೇ_ಗಾಳಿ

ಮಗು ಹೊಗಳುವಾಗ "ಗಾಡ್ ಬ್ಲೆಸ್" ಸೇರಿಸಲೇಬೇಕು, ಮರೀಬೇಡಿ. ನನ್ನ ನೆರೆಮನೆಯ ಅಜ್ಜಿ ನನ್ನ ಮಗನ ಕೆನ್ನೆ ಹಿಡಿದು ಎಷ್ಟು ಚೆಂದ ಅಂದವರು, ಆ ಎರಡು ಪದ ಹೇಳೋವರೆಗೂ ಕೈ ಬಿಡಲಿಲ್ಲ. ನಮ್ಮಮ್ಮ ಆಗ ಇಲ್ಲೇ ಇದ್ದರು, ಇಂಗ್ಲಿಷ್ ಬರಲ್ಲ. "ದೃಷ್ಟಿ ಆಗಬಾರದು ಅಂತ ಹೇಳಿದರು ಅಲ್ವಾ" ಅಂದರು. ನಾನು ಬಾಯಿ ಬಿಡೋದರೊಳಗೆ ಅವರಿಗೆ ಅರ್ಥ ಆಗಿತ್ತು.

ಕಾರ್ಕ್‌ಕಾಫಿ

ಕ್ಲೇರ್ ಅಂದಾಗ ನೆನಪಾಯ್ತು, ಬಿಡ್ಡಿ ಅರ್ಲಿ ಅನ್ನೋವಳ ಶಾಪ! ನೀಲಿ ಬಾಟಲಿ ಇಟ್ಟುಕೊಂಡು ಮದ್ದು ಕೊಡುತ್ತಿದ್ದ ಹೆಂಗಸು. ಅವಳ ಶಾಪದಿಂದಲೇ ಕ್ಲೇರ್‌ನ ಹರ್ಲಿಂಗ್ (ಇಲ್ಲಿನ ಕೋಲು-ಚೆಂಡಿನ ಆಟ) ತಂಡ 1914ರಲ್ಲಿ ಗೆದ್ದ ಮೇಲೆ 1995ರವರೆಗೆ ಕಪ್ ಗೆಲ್ಲಲಿಲ್ಲ ಅಂತಾರೆ.

ಲೆಕ್ಕಾಚಾರ

ಬಿಡ್ಡಿ ಅರ್ಲಿ ತೀರಿಕೊಂಡಿದ್ದು 1870ರ ದಶಕದಲ್ಲಿ. ಹರ್ಲಿಂಗ್ ನಡೆಸುವ ಸಂಸ್ಥೆ ಹುಟ್ಟಿದ್ದೇ 1884ರಲ್ಲಿ. ಇಲ್ಲದ ತಂಡಕ್ಕೆ ಶಾಪ ಹಾಕಿದಳಾ?

ಕಾರ್ಕ್‌ಕಾಫಿ

ಅರೆ ಹೌದಲ್ಲ. ಇದು ಗೊತ್ತಿರಲಿಲ್ಲ.

ಡಬ್ಲಿನ್_ಬಸ್ಸು

ಮೇಯೋ ಕೌಂಟಿಯವರ ಎದುರು ಈ ಲೆಕ್ಕ ಹೇಳಬೇಡಿ, ಪಾಪ. 1951ರಲ್ಲಿ ಫುಟ್‌ಬಾಲ್ ಕಪ್ ಗೆದ್ದು ಊರಿಗೆ ಬರುವಾಗ ಒಂದು ಶವಯಾತ್ರೆಗೆ ಗೌರವ ಕೊಡದೆ ಸಂಭ್ರಮಿಸಿದರು, ಆ ತಂಡದವರೆಲ್ಲ ಸಾಯುವವರೆಗೆ ಮತ್ತೆ ಗೆಲ್ಲಲ್ಲ ಅಂತ ಶಾಪ ಆಯ್ತು ಅನ್ನೋದು ಕಥೆ. ಆ ತಂಡದ ಕೊನೆಯ ಆಟಗಾರ 2021ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಅದೇ ತಿಂಗಳು ಮೇಯೋ ಫೈನಲ್‌ನಲ್ಲಿ ಸೋತಿತ್ತು. ಆಮೇಲೂ ಗೆದ್ದಿಲ್ಲ.

ಎನ್ನಿಸ್_ಕಾವೇರಿ

ಎಷ್ಟೊಂದು ಬರೆದಿದ್ದೀರಿ, ಎಲ್ಲ ಓದಿದೆ. ನಕ್ಷೆ ನೋಡಿದೆವು. ನಮ್ಮ ಹಿತ್ತಲಿನಲ್ಲಿ ಗುರುತು ಇಲ್ಲ, ಆದರೆ ಎರಡು ಗದ್ದೆ ಆಚೆ ಒಂದು ರಾಥ್ ಇದೆ! ದಿನಾ ವಾಕಿಂಗ್ ಹೋಗುವ ದಾರಿ, ಮರಗಳ ಗುಂಪು ಅಂದುಕೊಂಡಿದ್ದೆ.

ಅಜ್ಜನ ಹತ್ತಿರ ಮತ್ತೆ ಕೂತು ಮಾತಾಡಿದೆ. ಈ ಸಲ ನಾನು ಗಿಡದ ವಿಷಯ ಎತ್ತಲಿಲ್ಲ, ಅವರೇ ಎತ್ತಿದರು. ಅವರ ತಾಯಿ ರಾತ್ರಿ ಹೊತ್ತು ಹೊರಗೆ ನೀರು ಚೆಲ್ಲುವ ಮೊದಲು ಕೂಗಿ ಹೇಳುತ್ತಿದ್ದರಂತೆ, ದಾರಿಯಲ್ಲಿ "ಅವರು" ಯಾರಾದರೂ ಇದ್ದರೆ ಸರಿಯಲಿ ಅಂತ. ಮೇ 1ರಂದು ಮನೆಯಿಂದ ಹಾಲು, ಬೆಂಕಿ ಯಾರಿಗೂ ಕೊಡುತ್ತಿರಲಿಲ್ಲ, ಕೊಟ್ಟರೆ ವರ್ಷದ ಬೆಣ್ಣೆಯೆಲ್ಲ ತಗೊಂಡವರ ಹಿಂದೆ ಹೋಗುತ್ತೆ ಅಂತ. ಹುಲ್ಲಿನ ಬಣವೆಯಲ್ಲಿ ಯಾರೋ ಬಚ್ಚಿಟ್ಟ ಮೊಟ್ಟೆ ಸಿಕ್ಕಿದ್ದು ಹೇಳಿದರು. ಅದು ಮಾಟ, ಪಿಶೋಗ್ ಅಂತಾರೆ. ಅವರ ತಂದೆ ಬರಿಗೈಯಲ್ಲಿ ಮುಟ್ಟದೆ ಸಲಿಕೆಯಲ್ಲೇ ಎತ್ತಿ ಸುಟ್ಟರಂತೆ. ಹೇಳುವಾಗ ಅಜ್ಜ ಸಲಿಕೆ ಹಿಡಿದ ಹಾಗೆ ಎರಡು ಕೈ ಮುಂದೆ ಚಾಚಿದ್ದರು. ಎಪ್ಪತ್ತು ವರ್ಷ ಆಗಿರಬೇಕು.

ನಾನು ನೇರ ಕೇಳಿದೆ, ನೀವು ನಂಬುತ್ತೀರಾ ಅಂತ. "ಇಲ್ಲ. ಆದರೆ ಆ ಗಿಡ ನಾನು ಕಡಿಯಲ್ಲ" ಅಂದರು.

ತುಂಗಾತೀರ

ಇದೇ ಉತ್ತರ ನಾನು ಹತ್ತು ಜನರ ಬಾಯಲ್ಲಿ ಕೇಳಿದ್ದೇನೆ.

ಹಳೇಪುಸ್ತಕ

ಅಜ್ಜ ಹೇಳಿದ್ದನ್ನು ಬರೆದಿಟ್ಟುಕೊಳ್ಳಿ, ದಯವಿಟ್ಟು. 1937ರಿಂದ 1939ರವರೆಗೆ ಜನಪದ ಆಯೋಗದವರು ಸುಮಾರು 5,000 ಶಾಲೆಗಳ ಮಕ್ಕಳಿಗೆ ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ ಅಂತ ಹೇಳಿದರು. ಹನ್ನೊಂದರಿಂದ ಹದಿನಾಲ್ಕು ವರ್ಷದ ಮಕ್ಕಳು. ಶಕುನ, ಮದ್ದು, ಬೆಣ್ಣೆ ಕಡೆಯುವುದು, ಹವಾಮಾನದ ಲಕ್ಷಣ ಎಲ್ಲ ನೋಟ್‌ಬುಕ್‌ಗಳಲ್ಲಿ ಇದೆ. ಈಗ ದೂಖಸ್ ಅನ್ನುವ ತಾಣದಲ್ಲಿ ಪುಟ ಪುಟವೂ ಸಿಗುತ್ತದೆ. ನಿಮ್ಮ ಊರಿನ ಶಾಲೆಯದ್ದು ಹುಡುಕಿ. ಅಜ್ಜನ ಅಣ್ಣನೋ ಅಕ್ಕನೋ ಬರೆದಿದ್ದು ಸಿಕ್ಕರೂ ಸಿಗಬಹುದು.

ಅಡಿಕೆತೋಟ

ಹಾಥಾರ್ನ್ ಹೂವನ್ನು ಮನೆಯೊಳಗೆ ತರಬಾರದು ಅಂತಲೂ ಇದೆ. ಇದಕ್ಕೆ ಕಾರಣ ಉಂಟು. ಆ ಹೂವಿನಲ್ಲಿ ಟ್ರೈಮೀಥೈಲಮೀನ್ ಇರುತ್ತೆ, ಕೊಳೆಯುವ ದೇಹದಲ್ಲೂ ಅದೇ ಬರುತ್ತೆ. ಹೆಣವನ್ನು ಮನೆಯಲ್ಲೇ ಇಟ್ಟು ರಾತ್ರಿಯಿಡೀ ಕಾಯುತ್ತಿದ್ದ ಜನಕ್ಕೆ ಆ ವಾಸನೆ ಚೆನ್ನಾಗಿ ಗೊತ್ತಿತ್ತು.

ಇನ್ನೊಂದು, ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಹಕ್ಕಿ ಗೂಡಿನ ಕಾಲ, ಬೇಲಿ ಪೊದೆ ಕಡಿಯೋದಕ್ಕೆ ಕಾನೂನಿನ ತಡೆ ಇದೆ. ಗೂಡಿದ್ದರಂತೂ ಮುಟ್ಟಬಾರದು.

ಲೆಕ್ಕಾಚಾರ

ಕಾವೇರಿ ಅವರೇ, ಹಿತ್ತಲು ಎಷ್ಟು ದೊಡ್ಡದು? ಶೆಡ್ ಅಲ್ಲೇ ಯಾಕೆ ಆಗಬೇಕು? ನಾನು ನಂಬಿಕೆಗೆ ತಲೆಬಾಗಿ ಅಂತ ಹೇಳುತ್ತಿಲ್ಲ. ಆದರೆ ಆ ಗಿಡಕ್ಕೆ ನೂರು ವರ್ಷ ಆಗಿರಬಹುದು, ಪಕ್ಕದ ಮನೆಯ ಹಿರಿಯರಿಗೆ ಅದು ಬೇಕು. ನನಗೆ ಇದಕ್ಕಿಂತ ಬೇರೆ ಕಾರಣ ಬೇಡ.

ರಾತ್ರಿಪಾಳಿ

ನೀವು ಕೇಳಿದ ಗೆರೆ ಸಿಕ್ಕಿತು ನೋಡಿ ಸಾರ್.

ಎನ್ನಿಸ್_ಕಾವೇರಿ

ಮೂರು ವಾರ ಆಯ್ತು, ಸುದ್ದಿ ಹೇಳಿ ಹೋಗೋಣ ಅಂತ ಬಂದೆ. ಲೆಕ್ಕಾಚಾರ ಅವರು ಕೇಳಿದ್ದನ್ನೇ ನಮ್ಮನೆಯವರೂ ಒಂದು ಬೆಳಗ್ಗೆ ಹಗ್ಗ ಹಿಡಿದು ಅಳೆದು ನೋಡಿದರು. ಶೆಡ್ಡನ್ನು ಒಂಬತ್ತು ಅಡಿ ಸರಿಸಿ, ಬಾಗಿಲು ಇನ್ನೊಂದು ಕಡೆಗೆ ತಿರುಗಿಸಿದರೆ ಸಾಕಿತ್ತು. ಮೂರನೆಯವನಿಗೆ ಫೋನ್ ಮಾಡಿದೆವು, ಮಾರನೇ ದಿನವೇ ಬಂದ. ಕಾಂಕ್ರೀಟ್ ಹಾಸು ಆಗಿದೆ. ಅಗೆಯುವಾಗ ಆ ಗಿಡದ ಕಡೆಗೆ ಮಣ್ಣು ಬೀಳದ ಹಾಗೆ ಹಲಗೆ ಅಡ್ಡ ಇಟ್ಟಿದ್ದ, ನಾವು ಹೇಳಿರಲಿಲ್ಲ.

ನಿನ್ನೆ ಜನವರಿ 31. ಸಂಜೆ ಅಜ್ಜ ಬಾಗಿಲು ಬಡಿದರು. ಜೊಂಡು ಹುಲ್ಲಿನಲ್ಲಿ ಹೆಣೆದ ಸೇಂಟ್ ಬ್ರಿಜಿಡ್ ಶಿಲುಬೆ ಕೈಯಲ್ಲಿತ್ತು. ನಾಲ್ಕು ತೋಳು, ತುದಿಗೆ ದಾರ ಕಟ್ಟಿದ್ದು, ಇನ್ನೂ ಹಸಿರು, ಹಸಿ ಹುಲ್ಲಿನ ವಾಸನೆ. ಮನೆಗೆ ಬೆಂಕಿ ತಾಗಬಾರದು ಅಂತ ಇಡೋದಂತೆ. ಶೆಡ್ ಎದ್ದ ಮೇಲೆ ಅದರ ತೊಲೆಗೆ ಸಿಕ್ಕಿಸು ಅಂದರು. ಅಲ್ಲಿಯವರೆಗೆ ಅಡುಗೆಮನೆ ಬಾಗಿಲ ಮೇಲಿದೆ, ಮಾವಿನ ತೋರಣದ ಪಕ್ಕ.

ಕಾರ್ಕ್‌ಕಾಫಿ

ಅದನ್ನು ಹೆಣೆಯೋದು ನನ್ನ ಮಗಳಿಗೂ ಕಲಿಸಬೇಕು! ಜೊಂಡು ಎಲ್ಲಿ ಸಿಗುತ್ತೆ?

ಎನ್ನಿಸ್_ಕಾವೇರಿ

ನೀರು ನಿಲ್ಲುವ ಯಾವ ಗದ್ದೆಯಲ್ಲಾದರೂ ಇರುತ್ತೆ. ಬುಡದ ಹತ್ತಿರ ಹಿಡಿದು ಎಳೆದು ಕೀಳಬೇಕಂತೆ. ಕತ್ತರಿ, ಚಾಕು ತಗೊಂಡು ಹೋಗಬೇಡಿ, ಕತ್ತರಿಸಬಾರದು ಅಂತ ಅಜ್ಜ ಎರಡು ಸಲ ಹೇಳಿದ್ದಾರೆ.